ಗೊಣಗದ ಎತ್ತುಗಳ ಸಾಹುಕಾರ

ಹತ್ತಿರ ಸರಿದು ಕೂತ್ಕೊಳ್ಳಿ ಮಕ್ಕಳೇ. ಇವತ್ತು ಗಾಡಿ ಹೊಡೆಯುವವನೊಬ್ಬನ ಕತೆ ಹೇಳ್ತೀನಿ.

ಗಂಧವಳ್ಳಿ ಅಂತ ಒಂದು ರಾಜ್ಯ. ರಾಜ್ಯ ಇದ್ದದ್ದು ಬೆಟ್ಟದ ಮೇಲೆ, ಬೆಟ್ಟದ ಕೆಳಗೆ ಸಮುದ್ರ. ಮೇಲಿನ ಅಕ್ಕಿ, ಬೆಲ್ಲ ಕೆಳಗೆ ಹೋಗಬೇಕು. ಕೆಳಗಿನ ಉಪ್ಪು, ಒಣಮೀನು ಮೇಲೆ ಬರಬೇಕು. ನಡುವೆ ಮೂರು ಸುತ್ತಿನ ಕಣಿವೆ. ಒಂದು ಕಡೆ ಬಂಡೆ, ಇನ್ನೊಂದು ಕಡೆ ಪಾತಾಳ. ಎತ್ತಿನ ಗಾಡಿ ಬಿಟ್ಟರೆ ಬೇರೆ ದಾರಿಯಿಲ್ಲ.

ಆ ಊರಲ್ಲಿ ಜವರಯ್ಯ ಅಂತ ಒಬ್ಬ ಇದ್ದ. ಗಾಡಿ ಹೊಡೆಯುವುದರಲ್ಲಿ ಅವನನ್ನು ಮೀರಿಸುವವರು ಇರಲಿಲ್ಲ. ಬಾರುಕೋಲು ಎತ್ತುತ್ತಲೇ ಇರಲಿಲ್ಲ, ನಾಲಿಗೆಯಲ್ಲಿ ಒಂದು ಸದ್ದು ಮಾಡಿದರೆ ಸಾಕು, ಎತ್ತುಗಳು ನಡೆಯುತ್ತಿದ್ದವು. ಆದರೆ ಅವನಿಗೆ ಒಂದು ಸ್ವಭಾವ ಇತ್ತು. ಯಾರನ್ನೂ ನಂಬುತ್ತಿರಲಿಲ್ಲ. ಹೆಂಡತಿ ತಾಯಮ್ಮ ಮಜ್ಜಿಗೆ ಕೊಟ್ಟರೂ ಮೂಸಿ ನೋಡಿಯೇ ಕುಡಿಯುತ್ತಿದ್ದ.

"ನಾನೇನು ವಿಷ ಹಾಕ್ತೀನಾ?" ಅಂತ ತಾಯಮ್ಮ ಕೇಳುತ್ತಿದ್ದಳು.

"ನೀನು ಹಾಕಲ್ಲ ಕಣೆ. ಹಲ್ಲಿ ಬಿದ್ದಿದ್ದರೆ?" ಅನ್ನುತ್ತಿದ್ದ ಜವರಯ್ಯ.

ಅವನು ಹಾಗಾಗಿದ್ದಕ್ಕೆ ಕಾರಣ ಇತ್ತು. ಗಾಡಿಗೆ ತಡೆಮರ ಅಂತ ಇರುತ್ತದೆ. ಇಳಿಜಾರಿನಲ್ಲಿ ಚಕ್ರವನ್ನು ಒತ್ತಿ ಹಿಡಿಯುವ ಮರದ ತುಂಡು ಅದು. ಜವರಯ್ಯನ ಅಪ್ಪ ಒಬ್ಬ ಧಣಿಯ ಮಾತು ನಂಬಿ, ತಡೆಮರ ಸವೆದ ಗಾಡಿ ಹತ್ತಿ ಕಣಿವೆ ಇಳಿದ. ಮತ್ತೆ ಮೇಲೆ ಬರಲಿಲ್ಲ.

ಹೀಗಿರುವಾಗ ಜವರಯ್ಯನ ಹಳೆಯ ಧಣಿ ತೀರಿಕೊಂಡ. ಧಣಿಯ ಮಕ್ಕಳು ಗಾಡಿಗಳನ್ನೆಲ್ಲ ಮಾರಿ ಬೇರೆ ಊರಿಗೆ ಹೋದರು. ಜವರಯ್ಯ ಹೊಸ ಧಣಿಯನ್ನು ಹುಡುಕಬೇಕಾಯಿತು. ಊರಲ್ಲಿ ಗಾಡಿ ಇಟ್ಟವರು ಮೂವರಿದ್ದರು. ಮುದ್ದಪ್ಪ, ಸಾಹುಕಾರ ಚೆನ್ನವೀರ, ಮತ್ತೆ ಕೆಂಪಾಜಮ್ಮ ಅನ್ನುವ ಹೆಂಗಸು.

"ಮೂವರ ಹಟ್ಟಿಗೂ ಹೋಗಿ ನೋಡ್ತೀನಿ. ಧಣಿಗಳನ್ನ ಕೇಳಲ್ಲ, ಎತ್ತುಗಳನ್ನ ಕೇಳ್ತೀನಿ," ಅಂದ ಜವರಯ್ಯ.

ಆ ಕಾಲಕ್ಕೆ ದನಕರುಗಳು ಮಾತಾಡುತ್ತಿದ್ದವು. ಕೇಳುವ ವ್ಯವಧಾನ ಇದ್ದವರಿಗೆ ಮಾತ್ರ.

ಮೊದಲ ದಿನ ಮುದ್ದಪ್ಪನ ಹಟ್ಟಿಗೆ ಹೋದ. ಗೋಡೆ ಬಿದ್ದಿತ್ತು. ಬಾನಿಯಲ್ಲಿ ನೀರಿಗಿಂತ ಪಾಚಿ ಹೆಚ್ಚಿತ್ತು. ಮೂಲೆಯಲ್ಲಿ ಒಂದು ಎತ್ತು ಮಲಗಿತ್ತು, ಹೆಗಲೆಲ್ಲ ಹುಣ್ಣು.

"ನಿನ್ನ ಧಣಿ ಹೇಗೆ?" ಅಂತ ಕೇಳಿದ.

"ಅವನ ಮುಖ ನೋಡಿ ಮೂರು ತಿಂಗಳಾಯಿತು," ಅಂದಿತು ಎತ್ತು. "ಹಸಿ ಹುಲ್ಲಿನ ಮುಖ ನೋಡಿ ಆರು ತಿಂಗಳಾಯಿತು."

ಜವರಯ್ಯ ಅದಕ್ಕೆ ಒಂದು ಕೊಡ ನೀರು ಸೇದಿ ಕೊಟ್ಟು ಹಿಂದಕ್ಕೆ ಬಂದ.

ಎರಡನೆಯ ದಿನ ಸಾಹುಕಾರ ಚೆನ್ನವೀರನ ಹಟ್ಟಿಗೆ ಹೋದ. ಬಾಗಿಲಿಗೆ ತೋರಣ, ಅಂಗಳಕ್ಕೆ ಸಾರಣೆ. ಎತ್ತುಗಳ ಕೊಂಬಿಗೆ ಹಿತ್ತಾಳೆ ಕಳಸ. ಸಾಲಾಗಿ ನಿಂತ ಗಾಡಿಗಳಿಗೆಲ್ಲ ಗಿಳಿಹಸಿರು ಬಣ್ಣ. ಸಾಹುಕಾರನೇ ಎದ್ದು ಬಂದು ಕಾಲಿಗೆ ನೀರು ಕೊಟ್ಟ.

"ಬಾ ಜವರಯ್ಯ. ನಿನ್ನಂಥವನಿಗೇ ಕಾಯ್ತಿದ್ದೆ," ಅಂದ. "ನನ್ನ ಹಟ್ಟೀಲಿ ಆಳು ಅನ್ನೋ ಮಾತೇ ಇಲ್ಲ. ಎಲ್ಲರೂ ನನ್ನ ಮಕ್ಕಳ ಹಾಗೆ."

ಇಷ್ಟೊಂದು ಮರ್ಯಾದೆ ಯಾಕೆ ಅಂತ ಜವರಯ್ಯ ಯೋಚಿಸಿದ. ನಗುತ್ತಲೇ ಎತ್ತುಗಳ ಹತ್ತಿರ ಹೋದ.

ಕರಿ ಎತ್ತನ್ನು ಕೇಳಿದ. "ಧಣಿ ಒಳ್ಳೆಯವರು, ಮೇವು ಒಳ್ಳೆಯದು, ದಾರಿ ಒಳ್ಳೆಯದು," ಅಂದಿತು.

ಬಿಳಿ ಎತ್ತನ್ನು ಕೇಳಿದ. "ಧಣಿ ಒಳ್ಳೆಯವರು, ಮೇವು ಒಳ್ಳೆಯದು, ದಾರಿ ಒಳ್ಳೆಯದು," ಅಂದಿತು.

ಮಚ್ಚೆ ಎತ್ತನ್ನು ಕೇಳಿದ. ಅದೂ ಅದೇ ಮಾತು, ಅದೇ ರಾಗ. ಹೇಳುವಾಗ ಅದರ ಕಿವಿ ನಡುಗುತ್ತಿತ್ತು.

ಗಾಡಿ ಹೊಡೆಯುವವರನ್ನು ಕೇಳಿದ. ಅವರೂ ನೆಲ ನೋಡುತ್ತಾ ಅದನ್ನೇ ಹೇಳಿದರು.

ಜವರಯ್ಯನ ಅನುಮಾನ ಹೆಚ್ಚಾಯಿತು. ಎತ್ತು ಅಂದರೆ ಬೆನ್ನ ಮೇಲೆ ನೊಣ ಕೂತರೂ ದೂರು ಹೇಳುವ ಜಾತಿ. ಗಾಡಿ ಹೊಡೆಯುವವರೋ, ಮಳೆ ಬಂದರೂ ಬೈಯುತ್ತಾರೆ, ಬಿಸಿಲು ಬಂದರೂ ಬೈಯುತ್ತಾರೆ. ಇಷ್ಟು ದೊಡ್ಡ ಹಟ್ಟಿಯಲ್ಲಿ ಒಬ್ಬರಿಗೂ ಒಂದು ದೂರಿಲ್ಲ ಅಂದರೆ ಹೇಗೆ?

"ಸಾಹುಕಾರರೇ, ಒಂದು ಸಲ ತಡೆಮರ ನೋಡಲಾ?" ಅಂತ ಕೇಳಿದ.

"ಮೊದಲು ಊಟ ಮಾಡು," ಅಂದ ಚೆನ್ನವೀರ.

ಊಟ ಆಯಿತು. "ಈಗ ನೋಡಲಾ?"

"ಬಣ್ಣ ಹಸಿ ಇದೆ, ಕೈಗೆ ಹತ್ತುತ್ತೆ."

ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೇಳಿದ. "ಕೆಲಸಕ್ಕೆ ಸೇರಿದ ಮೇಲೆ ದಿನಾ ನೋಡೋದು ಇದ್ದೇ ಇದೆಯಲ್ಲ," ಅಂತ ಚೆನ್ನವೀರ ಅವನ ಹೆಗಲ ಮೇಲೆ ಕೈ ಹಾಕಿ, ಮೆಲ್ಲಗೆ ಬಾಗಿಲ ಕಡೆ ತಿರುಗಿಸಿದ.

ಬಾಗಿಲಾಚೆ ಒಬ್ಬ ಹೆಂಗಸು ಬುತ್ತಿಗಂಟು ಇಟ್ಟುಕೊಂಡು ಕೂತಿದ್ದಳು. ಹೆಸರು ದೇವೀರಮ್ಮ. ಅವಳ ಗಂಡ ಸಣ್ಣೀರಯ್ಯ ಅದೇ ಹಟ್ಟಿಯಲ್ಲಿ ಗಾಡಿ ಹೊಡೆಯುತ್ತಿದ್ದವನು. ಹೋದ ವರ್ಷ ಅವನ ಗಾಡಿ ಕಣಿವೆಗೆ ಉರುಳಿತು. ಅವನು ಹಾರಿ ಬದುಕಿದ, ಎತ್ತುಗಳು ಸತ್ತವು. ಅವನು ಕುಡಿದಿದ್ದ ಅಂತ ಚೆನ್ನವೀರ ದೊರೆಯ ಮುಂದೆ ಹೇಳಿದ. ದೊರೆ ಅವನನ್ನು ಸೆರೆಗೆ ಹಾಕಿದ.

"ಕುಡೀತಿದ್ದನೇನಮ್ಮ?" ಅಂತ ಜವರಯ್ಯ ಕೇಳಿದ.

"ಹೆಂಡದ ವಾಸನೆ ಬಂದರೆ ವಾಂತಿ ಮಾಡ್ಕೊಳ್ಳೋ ಗಂಡಸು ಕಣಣ್ಣ," ಅಂದಳು ದೇವೀರಮ್ಮ. "ಇವತ್ತಾದರೂ ಸಾಹುಕಾರರು ನಿಜ ಹೇಳ್ತಾರೇನೋ ಅಂತ ದಿನಾ ಇಲ್ಲಿ ಬಂದು ಕೂತ್ಕೊಳ್ತೀನಿ. ಆಮೇಲೆ ಬುತ್ತಿ ತಗೊಂಡು ಸೆರೆಮನೆಗೆ ಹೋಗ್ತೀನಿ."

ಮೂರನೆಯ ದಿನ ಜವರಯ್ಯ ಕೆಂಪಾಜಮ್ಮನ ಹಟ್ಟಿಗೆ ಹೋದ. ಸಂತೆಯ ಹಾಗೆ ಗಲಾಟೆ. ಒಬ್ಬ ಗಾಡಿಯವನು ಹಗ್ಗ ಸರಿಯಿಲ್ಲ ಅಂತ ಕೂಗುತ್ತಿದ್ದ. ಇನ್ನೊಬ್ಬ ತನಗೆ ವಾರಕ್ಕೆ ಎರಡು ಸಲ ಕಣಿವೆ ಇಳಿಯಲು ಆಗುವುದಿಲ್ಲ ಅಂತ ಜಗಳ ತೆಗೆದಿದ್ದ. ಸೆರಗು ಸಿಕ್ಕಿಸಿ ನಿಂತ ಕೆಂಪಾಜಮ್ಮ ಒಬ್ಬೊಬ್ಬರಿಗೂ ಉತ್ತರ ಕೊಡುತ್ತಿದ್ದಳು. ಜವರಯ್ಯನ ಕಾಲಿಗೆ ನೀರಿರಲಿ, ಮುಖ ಎತ್ತಿ ಸಹ ನೋಡಲಿಲ್ಲ.

"ಏನಯ್ಯಾ ನಿಂದು?"

"ಕೆಲಸ ಕೇಳೋಕೆ ಬಂದೆ, ಅವ್ವಾ. ತಡೆಮರ ನೋಡಬಹುದಾ?"

"ನೋಡು. ಆ ಕೊನೆ ಗಾಡೀದು ಸವೆದಿದೆ, ಬಡಗಿಗೆ ಹೇಳಿದೀನಿ, ಆ ಸೋಮಾರಿ ಇನ್ನೂ ಬಂದಿಲ್ಲ. ಅದು ಸರಿಯಾಗೋವರೆಗೂ ಆ ಗಾಡಿ ಕಣಿವೆಗೆ ಹೋಗಲ್ಲ."

ಜವರಯ್ಯ ಒಂದು ಕಂದು ಎತ್ತಿನ ಹತ್ತಿರ ಹೋದ. ಅದಕ್ಕೆ ಒಂದು ಕೊಂಬು ಮುರಿದಿತ್ತು. "ನಿನ್ನ ಧಣಿ ಹೇಗೆ?"

"ಬಾಯಿ ಜೋರು," ಅಂದಿತು ಎತ್ತು. "ಮೊನ್ನೆ ಕೊಟ್ಟ ಹುಲ್ಲು ಒದ್ದೆ. ಈ ಪಕ್ಕದ ಎತ್ತು ನಿದ್ದೇಲಿ ಒದೆಯುತ್ತೆ, ಜಾಗ ಬದಲಾಯಿಸು ಅಂದರೆ ನಾಳೆ ಅಂತಾಳೆ." ಹೀಗೆ ಶುರುಮಾಡಿ ಹತ್ತು ದೂರು ಹೇಳಿತು. ಕೇಳುತ್ತಾ ಕೇಳುತ್ತಾ ಜವರಯ್ಯನ ಮನಸ್ಸು ಹಗುರಾಯಿತು.

"ಇಷ್ಟೆಲ್ಲ ಹೇಳ್ತೀಯಲ್ಲ, ನಿನಗೆ ಭಯ ಇಲ್ವಾ?"

"ಭಯ ಚೆನ್ನವೀರನ ಹಟ್ಟೀಲಿತ್ತು. ನಾನು ಮೊದಲು ಅಲ್ಲಿದ್ದವನು," ಅಂದಿತು ಎತ್ತು. "ಅಲ್ಲಿ ಒಂದು ಗಾಡಿ ಇದೆ. ಅದರ ತಡೆಮರ ಗೆದ್ದಲು ತಿಂದಿದೆ, ಮೇಲೆ ಬಣ್ಣ ಬಳಿದಿದ್ದಾರೆ. ಯಾರು ಬಾಯಿಬಿಟ್ಟು ದೂರು ಹೇಳ್ತಾರೋ ಮುಂದಿನ ಸಲ ಅವರಿಗೆ ಆ ಗಾಡಿ. ಸಣ್ಣೀರಯ್ಯ ನಮಗೆ ಹುಲ್ಲು ಸಾಲದು ಅಂತ ದೂರು ಹೇಳಿದ. ಅವನಿಗೂ ಅಂಥದ್ದೇ ಗಾಡಿ ಕೊಟ್ಟರು."

ಜವರಯ್ಯನಿಗೆ ಬೇಕಾದ ಹಟ್ಟಿ ಸಿಕ್ಕಿತ್ತು. ಆದರೆ ಬುತ್ತಿಗಂಟು ಇಟ್ಟುಕೊಂಡು ಕೂತ ದೇವೀರಮ್ಮ ಕಣ್ಣಮುಂದೆ ಬಂದಳು. ದೊರೆಗೆ ಹೇಳೋಣ ಅಂದರೆ, ನ್ಯಾಯಸ್ಥಾನದಲ್ಲಿ ಎತ್ತಿನ ಸಾಕ್ಷಿ ನಡೆಯುತ್ತಿರಲಿಲ್ಲ.

"ಅವ್ವಾ, ಎಂಟು ದಿನ ಬಿಟ್ಟು ಬರ್ತೀನಿ. ಅಲ್ಲೀವರೆಗೂ ಚೆನ್ನವೀರನ ಹತ್ತಿರ ಸೇರ್ತೀನಿ," ಅಂದ. ಕಾರಣವನ್ನೂ ಹೇಳಿದ.

"ಜೀವ ಇಟ್ಕೊಂಡು ಬಾ. ನಿನ್ನ ಜಾಗ ಬೇರೆಯವರಿಗೆ ಕೊಡಲ್ಲ," ಅಂದಳು ಕೆಂಪಾಜಮ್ಮ.

ಚೆನ್ನವೀರನಿಗೆ ಸಂತೋಷವಾಯಿತು. ಆದರೆ ಮೊದಲ ದಿನವೇ ಜವರಯ್ಯ, "ಸಾರಿಗೆ ಉಪ್ಪಿಲ್ಲ," ಅಂದ. ಎರಡನೆಯ ದಿನ, "ಚಾಪೆಯಲ್ಲಿ ತಿಗಣೆ ಇದೆ," ಅಂದ. ಮೂರನೆಯ ದಿನ, "ಎತ್ತುಗಳಿಗೆ ಹುಲ್ಲು ಸಾಲದು," ಅಂದ. ಚೆನ್ನವೀರ ಮೂರು ಸಲವೂ ನಕ್ಕ. ನಾಲ್ಕನೆಯ ದಿನ ಕಣಿವೆ ಇಳಿಯುವ ಸಾಲಿನಲ್ಲಿ ಜವರಯ್ಯನಿಗೆ ಒಂದು ಗಾಡಿ ಕೊಟ್ಟ. ಬಣ್ಣ ಎಲ್ಲಕ್ಕಿಂತ ಹೊಸದು.

ಅವತ್ತು ವರ್ಷದ ಮೊದಲ ಬೆಲ್ಲ ಕೆಳಗಿಳಿಯುವ ದಿನ. ದೊರೆ ತಾನೇ ಕಣಿವೆಯ ಬಾಯಿಗೆ ಬಂದು ಗಾಡಿಗಳಿಗೆ ಪೂಜೆ ಮಾಡಿಸಿ ಕಳಿಸುವುದು ರೂಢಿ. ಪೂಜೆ ಮುಗಿಯಿತು. ಜವರಯ್ಯ ಮುಂದೆ ಬಂದು ಕೈಮುಗಿದ.

"ಮಹಾಪ್ರಭು, ನನ್ನ ಧಣಿಯಂಥ ಧಣಿ ಇನ್ನೊಬ್ಬರಿಲ್ಲ. ನಮ್ಮನ್ನೆಲ್ಲ ಮಕ್ಕಳು ಅಂತಾರೆ. ಇವರು ನನ್ನ ಗಾಡೀಲಿ ಕೂತು ಒಂದು ಸಲ ಕಣಿವೆ ಇಳಿದರೆ ನನ್ನ ಜನ್ಮ ಸಾರ್ಥಕ."

ದೊರೆಗೆ ಮಾತು ಹಿಡಿಸಿತು. "ಒಳ್ಳೆಯದು. ಕೂತ್ಕೊಳ್ಳಪ್ಪ ಚೆನ್ನವೀರ."

"ಪ್ರಭು, ನನಗೆ ಸೊಂಟನೋವು," ಅಂದ ಚೆನ್ನವೀರ.

"ಅದಕ್ಕೇ ಹುಲ್ಲು ಹಾಸಿ ಮೆತ್ತಗೆ ಮಾಡಿದೀನಿ," ಅಂದ ಜವರಯ್ಯ.

"ಮನೆಗೆ ನೆಂಟರು ಬರ್ತಾರೆ, ಪ್ರಭು."

"ಮಧ್ಯಾಹ್ನದೊಳಗೆ ಕೆಳಗಿರ್ತೀಯ. ಕುದುರೆ ಕಳಿಸಿ ಕರೆಸ್ತೀನಿ," ಅಂದ ದೊರೆ.

"ಇವತ್ತು ಪ್ರಯಾಣಕ್ಕೆ ದಿನ ಚೆನ್ನಾಗಿಲ್ಲ, ಪ್ರಭು."

ದೊರೆ ಹುಬ್ಬು ಗಂಟುಹಾಕಿದ. "ದಿನ ಚೆನ್ನಾಗಿಲ್ಲದಿದ್ದರೆ ಇವರನ್ನೆಲ್ಲ ಯಾಕೆ ಕಳಿಸ್ತಿದೀಯ?"

ಚೆನ್ನವೀರ ಬೇರೆ ದಾರಿಯಿಲ್ಲದೆ ಗಾಡಿ ಹತ್ತಿ ಕೂತ. ಜವರಯ್ಯ ಮುಂದೆ ಕೂತು ಮನಸ್ಸಲ್ಲೇ ಲೆಕ್ಕ ಹಾಕಿದ. ಇಳಿಜಾರು ಶುರುವಾಗುವುದು ಇಪ್ಪತ್ತು ಹೆಜ್ಜೆ ಆಚೆ. ಅಷ್ಟರೊಳಗೆ ಸಾಹುಕಾರ ಬಾಯಿಬಿಡದಿದ್ದರೆ ಗಾಡಿ ತಾನೇ ನಿಲ್ಲಿಸಬೇಕು. ನಿಲ್ಲಿಸಿದರೆ, ತಡೆಮರದ ವಿಷಯ ಗೊತ್ತೇ ಇರಲಿಲ್ಲ ಅಂತ ಸಾಹುಕಾರ ಜಾರಿಕೊಳ್ಳುತ್ತಾನೆ, ಸುಳ್ಳುಗಾರನ ಪಟ್ಟ ತನಗೇ ಬರುತ್ತದೆ. ನಾಲಿಗೆಯಲ್ಲಿ ಸದ್ದು ಮಾಡಿದ. ಎತ್ತುಗಳು ನಡೆದವು. ಐದು ಹೆಜ್ಜೆ. ಹತ್ತು ಹೆಜ್ಜೆ. ಹದಿನೈದು ಹೆಜ್ಜೆ.

ಚೆನ್ನವೀರ ಗಾಡಿಯಿಂದ ಧುಮುಕಿದ. ಮಣ್ಣಲ್ಲಿ ಬಿದ್ದು, ಎದ್ದು, ದೊರೆಯ ಕಡೆ ಓಡಿದ.

"ಇದರಲ್ಲಿ ಬೇಡ ಪ್ರಭು, ಬೇರೆ ಗಾಡಿ ಹತ್ತುತ್ತೀನಿ. ಇದರ ತಡೆಮರ ನಿಲ್ಲಲ್ಲ."

ಜವರಯ್ಯ ಎತ್ತುಗಳನ್ನು ನಿಲ್ಲಿಸಿದ.

"ನಿಲ್ಲಲ್ಲ ಅಂತ ನಿನಗೆ ಹೇಗೆ ಗೊತ್ತು?" ಅಂತ ದೊರೆ ಮೆಲ್ಲಗೆ ಕೇಳಿದ.

ಚೆನ್ನವೀರ ಜನರ ಹಿಂದೆ ಸರಿಯಲು ನೋಡಿದ. ದೊರೆಯ ಭಟನೊಬ್ಬ ತಡೆಮರದ ಬಣ್ಣ ಕೆರೆದು ಚೂರಿಯಿಂದ ಚುಚ್ಚಿದ. ಒಳಗಿಂದ ಗೆದ್ದಲ ಮಣ್ಣು ಪುಡಿಪುಡಿಯಾಗಿ ಉದುರಿತು.

"ಗೊತ್ತಿದ್ದೂ ನೀನು ಈ ಗಾಡೀಲಿ ಇವನನ್ನ ಕಳಿಸ್ತಿದ್ದೆ," ಅಂದ ದೊರೆ. "ಹೋದ ವರ್ಷ ಉರುಳಿದ ಗಾಡೀದು ಹೇಗಿತ್ತು?"

ಆಗ ಗಾಡಿಯವರಲ್ಲಿ ವಯಸ್ಸಾದವನೊಬ್ಬ ಮುಂದೆ ಬಂದ. "ಅದೂ ಹೀಗೇ ಇತ್ತು, ಪ್ರಭು. ಸಣ್ಣೀರಯ್ಯ ಕುಡಿದಿರಲಿಲ್ಲ," ಅಂದ. ಅವನ ಹಿಂದೆ ಇನ್ನೊಬ್ಬ ಬಂದ. ಆಮೇಲೆ ಎಲ್ಲರೂ ಬಂದರು. ವರ್ಷಗಟ್ಟಲೆ ನುಂಗಿಕೊಂಡಿದ್ದನ್ನು ಹೇಳಿ ಮುಗಿಸುವಷ್ಟರಲ್ಲಿ ಹೊತ್ತು ನೆತ್ತಿಗೆ ಬಂದಿತ್ತು.

ದೊರೆ ತೀರ್ಪು ಕೊಟ್ಟ. ಸಣ್ಣೀರಯ್ಯನಿಗೆ ಅವತ್ತೇ ಬಿಡುಗಡೆ. ಚೆನ್ನವೀರನಿಗೆ ಸೆರೆಯಿಲ್ಲ. ಆದರೆ ಒಂದು ವರ್ಷ ಅವನ ಗಾಡಿಸಾಲು ಕಣಿವೆ ಇಳಿಯುವಾಗಲೆಲ್ಲ ಅವನು ಮುಂದಿನ ಗಾಡಿಯಲ್ಲಿ ಕೂತಿರಬೇಕು. ಅದು ಯಾವ ಗಾಡಿ ಅಂತ ಗಾಡಿಯವರು ಹೇಳುತ್ತಾರೆ.

ಮೂರು ದಿನದಲ್ಲಿ ಆ ಹಟ್ಟಿಯ ಎಲ್ಲ ತಡೆಮರಗಳೂ ಹೊಸದಾದವು.

ಜವರಯ್ಯ ತನ್ನ ಕಂಬಳಿ ಮಡಿಸಿಕೊಂಡು ಹೊರಟಾಗ ಚೆನ್ನವೀರ ಬಾಗಿಲಿಗೆ ಬಂದ. "ಈಗೆಲ್ಲ ಸರಿಯಾಗಿದೆಯಲ್ಲ, ಇಲ್ಲೇ ಇರು," ಅಂದ.

"ವರ್ಷ ಕಳೀಲಿ, ಸಾಹುಕಾರರೇ," ಅಂದ ಜವರಯ್ಯ. "ನೀವು ಗಾಡಿಯಿಂದ ಇಳಿದ ಮೇಲೂ ಹೀಗೇ ಇರುತ್ತಾ ನೋಡೋಣ." ಕಂಬಳಿ ಹೆಗಲಿಗೆ ಹಾಕಿಕೊಂಡು ಕೆಂಪಾಜಮ್ಮನ ಹಟ್ಟಿಯ ದಾರಿ ಹಿಡಿದ. ಅವಳ ಸವೆದ ತಡೆಮರ ಸರಿಮಾಡಿಸಲು, ಆ ಸೋಮಾರಿ ಬಡಗಿಯನ್ನೂ ದಾರಿಯಲ್ಲೇ ಎಬ್ಬಿಸಿ, ಬಾಚಿ ಉಳಿ ಸಮೇತ ಕರೆದುಕೊಂಡು ಹೋದನಂತೆ.

ನೀತಿ ಇಷ್ಟೇ ಮಕ್ಕಳೇ. ನಾಳೆ ನೀವೂ ಯಾರದೋ ಗಾಡಿ ಹೊಡೆಯಲು ಹೋಗುತ್ತೀರಿ. ಧಣಿಯ ಸಿಹಿಮಾತು, ಗಾಡಿಯ ಬಣ್ಣ ನೋಡಿ ಸೇರಬೇಡಿ. ಅಲ್ಲಿ ದುಡಿಯುವವರಿಗೆ ತಪ್ಪನ್ನು ತಪ್ಪು ಅನ್ನಲು ಧೈರ್ಯ ಇದೆಯಾ ಅಂತ ನೋಡಿ. ಬಾಯಿಬಿಡಲು ಹೆದರುವ ಕಡೆ ನಿಲ್ಲಬೇಡಿ. ಹೇಳಿದ್ದನ್ನು ಕೇಳಿ ಸರಿಮಾಡುವ ಧಣಿ ಸಿಕ್ಕರೆ, ಅವರ ಬಾಯಿ ಜೋರಿದ್ದರೂ ಸರಿ, ಅವರ ಗಾಡಿಯನ್ನೇ ಹತ್ತಿ.