ಮಂಚ ಸೈಕಲ್ ಹೊಡೆದದ್ದು

ಹತ್ತಿರ ಬನ್ನಿ, ಕಾಲು ಮಡಚಿ ಕೂತ್ಕೊಳ್ಳಿ. ಹೂಂ ಅನ್ನೋರು ಹೂಂ ಅನ್ನಿ. ನಗೋರು ಮಾತ್ರ ಸ್ವಲ್ಪ ತಡ್ಕೊಳ್ಳಿ, ಯಾಕಂದ್ರೆ ಈ ಕತೇಲಿ ಒಬ್ಬಳು ತಾಯಿ ಅಳ್ತಾ ಇದ್ದಾಳೆ.

ಹುಣಸೆಕೊಪ್ಪಲಲ್ಲಿ ಹೊಂಬಾಳಮ್ಮ ಅಂತ ಇದ್ದಳು. ಗಂಡ ಇಲ್ಲ. ಇರೋನು ಒಬ್ಬನೇ ಮಗ, ಮಂಚ. ಮೀಸೆ ಬಂದಿತ್ತು, ಬುದ್ಧಿ ಬಂದಿರಲಿಲ್ಲ. ಕೆಟ್ಟವನಲ್ಲ, ಸೋಮಾರಿ ಅಲ್ಲ. ಹೇಳಿದ್ದನ್ನ ಹೇಳಿದ ಹಾಗೇ ಮಾಡ್ತಿದ್ದ. ಅಷ್ಟೇ ಅವನ ರೋಗ!

"ಮಂಚ, ಒಲೆ ಮ್ಯಾಲೆ ಹಾಲು ಉಕ್ತದೆ, ನೋಡ್ತಿರು" ಅಂತ ಹೊಂಬಾಳಮ್ಮ ನೀರಿಗೆ ಹೋದರೆ, ಬರೋ ಹೊತ್ತಿಗೆ ಹಾಲೆಲ್ಲ ಬೂದಿ ಪಾಲು.

"ಏನ್ಲಾ ಇದು!"

"ನೋಡ್ದೆ ಕಣವ್ವ! ಉಕ್ಕಿ ಉಕ್ಕಿ ಖಾಲಿ ಆಗೋಗಂಟ ನೋಡ್ದೆ!"

ಹೊಂಬಾಳಮ್ಮ ಹಣೆ ಹಣೆ ಚಚ್ಕೊಂಡಳು. "ಅಯ್ಯೋ ನನ್ನ ಕಂದ! ನಾನು ಕಣ್ಣು ಮುಚ್ಚಿದ ಮ್ಯಾಲೆ ನಿನಗೆ ಒಂದು ತುತ್ತು ಹಾಕೋರು ಯಾರ್ಲಾ?"

"ನೀನು ಕಣ್ಣು ಮುಚ್ಕೊಂಡೇ ಹಾಕವ್ವ! ಬಾಯಿ ನಾನೇ ಹತ್ರ ತತ್ತೀನಿ!"

ಇಂಥ ಮಗನನ್ನ ಇಟ್ಕೊಂಡು ಏನು ಮಾಡ್ತೀರಿ?

ಹೊಂಬಾಳಮ್ಮನ ತಮ್ಮ ಮರಿಲಿಂಗ ಅಂತ, ಪ್ಯಾಟೇಲಿ ಸೈಕಲ್ ರಿಪೇರಿ ಅಂಗಡಿ ಇಟ್ಟಿದ್ದ. ಅವನಿಗೆ ಮಕ್ಕಳಿಲ್ಲ. ಆ ವರ್ಷ ಪ್ಯಾಟೇಲಿ ಸೈಕಲ್ ಹಬ್ಬ ಮಾಡ್ತಾರೆ ಅಂತ ಸುದ್ದಿ ಬಂತು. ವಾರವೆಲ್ಲ ಹಬ್ಬ. ಕಾರು ನಿಲ್ಸಿ, ಬೈಕು ನಿಲ್ಸಿ, ಮುದುಕರು ಮಕ್ಕಳು ಹೆಂಗಸರು ಎಲ್ಲಾ ಸೈಕಲ್ ಮೇಲೆ! ದೊಡ್ಡ ಮೈದಾನದಲ್ಲಿ ಶಾಮಿಯಾನ, ಮೈಕು, ಬ್ಯಾಂಡ್‌ಸೆಟ್ಟು. ರಿಪೇರಿ ಕೆಲಸ ಮರಿಲಿಂಗನದು. ಅವನು ಅಕ್ಕನ ಮನೆಗೆ ಬಂದು ಹೇಳಿದ:

"ಅಕ್ಕಯ್ಯ, ಹಬ್ಬದ ವಾರ ಹುಡುಗನ್ನ ಕಳಿಸು. ಕೆಲಸ ಕೈಗೆ ಹತ್ತಿದರೆ ಅಂಗಡೀಲೇ ಇಟ್ಕೋತೀನಿ, ನನ್ನ ಮಗನ ಹಂಗೆ ನೋಡ್ಕೋತೀನಿ."

"ಹತ್ತದಿದ್ರೆ?"

ಮರಿಲಿಂಗ ಎದ್ದ. ಚಪ್ಪಲಿ ಮೆಟ್ಕೊಂಡು ಹೊರಟುಹೋದ.

ಹೊಂಬಾಳಮ್ಮ ಮಗನಿಗೆ ತಲೆ ಬಾಚಿದಳು, ಒಗೆದ ಅಂಗಿ ಹಾಕಿದಳು. "ಮಗ, ಇದೊಂದು ಸಲ ಮರ್ವಾದೆ ಉಳಿಸು. ಮಾವ ಏನು ಹೇಳಿದ್ರೂ ಹಂಗೇ ಮಾಡು!"

"ಹಂಗೇ ಮಾಡ್ತೀನಿ ಕಣವ್ವ!"

ಬಸ್ಸು ಹತ್ತಿದ, ಮೈದಾನದಲ್ಲಿ ಇಳಿದ. ಮರಿಲಿಂಗ ಒಂದು ಹೊಸಾ ಸೈಕಲ್ ತಂದು ಮುಂದೆ ನಿಲ್ಲಿಸಿದ. ಕೆಂಪು ಬಣ್ಣ, ಫಳಫಳ ಹೊಳೀತಿತ್ತು.

"ಬಾರಪ್ಪ ಮಂಚ! ಸೈಕಲ್ ಹೊಡೆಯೋಕೆ ಬರ್ತದೇನೋ?"

ಮಂಚನಿಗೆ ಆಶ್ಚರ್ಯ. ಹುಣಸೆಕೊಪ್ಪಲಲ್ಲಿ ಸೈಕಲ್ ತುಳೀತಾರೆ. ಪ್ಯಾಟೇಲಿ ಹೊಡೀತಾರಾ? ಪಾಪ ಇದೇನು ತಪ್ಪು ಮಾಡ್ತೋ! ಆದರೂ ಅವ್ವ ಹೇಳಿದ್ದಾಳಲ್ಲ.

"ಯಾಕೆ ಬರಲ್ಲ ಮಾವ, ಎಷ್ಟು ಹೊಡೀಲಿ?"

"ಮೈದಾನದ ತುಂಬ ಹೊಡಿ! ನಾಚ್ಕೋಬ್ಯಾಡ!"

ಮಂಚ ಬೇಲಿಯಿಂದ ಒಂದು ಗಳು ಕಿತ್ತ. ಎತ್ತಿ ಕೊಟ್ಟ ನೋಡಿ! ಸೀಟಿಗೆ ಒಂದು, ಹ್ಯಾಂಡಲ್ಲಿಗೆ ಒಂದು, ಮಡ್‌ಗಾರ್ಡಿಗೆ ಒಂದು. ಸೈಕಲ್ ಬಿತ್ತು. ಬಿದ್ದರೂ ಬಿಡಲಿಲ್ಲ. ಮೈದಾನದ ತುಂಬ ಹೊಡಿ ಅಂದಿದ್ದಾರಲ್ಲ! ಎಳ್ಕೊಂಡು ಹೋಗಿ ಈ ಮೂಲೇಲಿ ಹೊಡೆದ, ಆ ಮೂಲೇಲಿ ಹೊಡೆದ.

"ಅಯ್ಯಯ್ಯೋ! ನಿಲ್ಸೋ! ಹೊಸಾ ಗಾಡಿ ಕಣೋ!" ಅಂತ ಮರಿಲಿಂಗ ಓಡಿ ಬಂದ. ಓಡಿ ಬಂದೋನಿಗೂ ಬೆನ್ನ ಮೇಲೆ ಒಂದು ಬಿತ್ತು.

ಸಾಯಂಕಾಲ ಮಂಚ ಮನೆಗೆ ಬಂದು ನಡೆದದ್ದು ನಡೆದ ಹಾಗೇ ಹೇಳಿದ.

"ಅಯ್ಯೋ ಮಂಕೇ! ಹೊಡಿ ಅಂದ್ರೆ ಬಡಿ ಅಂತಲ್ಲ ಕಣ್ಲಾ! ಮ್ಯಾಲೆ ಹತ್ತಿ ಕೂತ್ಕೊಂಡು ಕಾಲಾಡ್ಸೋದು!"

"ಓ, ಹಂಗಾ! ಮೊದಲೇ ಹೇಳ್ಬಾರದಾ ಅವ್ವ? ಇನ್ನು ಮ್ಯಾಲೆ ಹೊಡಿ ಅಂದ್ರೆ ಹತ್ತಿ ಕೂತು ಕಾಲಾಡ್ಸ್ತೀನಿ!"

ಮಾರನೇ ದಿನ ಮೈದಾನದಲ್ಲಿ ನೂಕುನುಗ್ಗಲು. ಮರಿಲಿಂಗ ಪಂಪು ತಂದು ಮಂಚನ ಮುಂದೆ ಇಟ್ಟ. "ಲೋ, ಈ ಅಮ್ಮನ ಸೈಕಲ್ಲಿಗೆ ಗಾಳಿ ಹೊಡಿ."

ಹೊಡಿ! ಮಂಚನಿಗೆ ಖುಷಿ ಆಯ್ತು. ಇದು ಗೊತ್ತಿರೋ ಪಾಠ! ಪಂಪಿನ ಹಿಡಿ ಮೇಲೆ ಹತ್ತಿ ಕೂತ. ಎರಡೂ ಕಾಲು ಗಾಳೀಲಿ ಆಡಿಸಿದ. ಸೈಕಲ್ಲಿನ ಅಮ್ಮ ಬಾಯಿ ಬಿಟ್ಕೊಂಡು ನೋಡ್ತಾ ನಿಂತಳು.

"ಏನಪ್ಪಾ ಮಾಡ್ತಿದ್ದೀಯ?"

"ಗಾಳಿ ಹೊಡೀತಾವ್ನಿ ಅಮ್ಮಾವ್ರೇ! ಬತ್ತಾ ಅದಾ?"

ಕರಕ್ ಅಂತ ಪಂಪು ಮುರೀತು. ಮಂಚ ದಬ್ ಅಂತ ಬಿದ್ದ. ಮರಿಲಿಂಗ ತಲೆ ಮೇಲೆ ಕೈ ಹೊತ್ತು ಕೂತ.

ಮನೇಲಿ ಹೊಂಬಾಳಮ್ಮ ಮುದ್ದೆ ಕೋಲು ಎತ್ತಿದಳು. "ಪಂಪಿನ ಮ್ಯಾಲೆ ಯಾರಾದ್ರೂ ಕೂರ್ತಾರೇನ್ಲಾ! ಎರಡು ಕೈಲೂ ಬಿಗಿಯಾಗಿ ಹಿಡ್ಕೊಂಡು ಮ್ಯಾಲೆ ಕೆಳಗೆ, ಮ್ಯಾಲೆ ಕೆಳಗೆ ಒತ್ತಬೇಕು! ಆಮ್ಯಾಕೆ ಹೆಬ್ಬೆಟ್ಟಲ್ಲಿ ಅಮುಕಿ ನೋಡ್ಬೇಕು. ಮೆತ್ತಗಿದ್ರೆ ಇನ್ನೂ ಒತ್ತಬೇಕು. ಗಟ್ಟಿ ಆಗೋಗಂಟ ಬುಡಬಾರದು!"

"ಬುಡಲ್ಲ ಕಣವ್ವ! ಗಟ್ಟಿ ಆಗೋಗಂಟ ಬುಡಲ್ಲ!"

ಅದರ ಮಾರನೇ ದಿನ ಹಬ್ಬದ ಅಧ್ಯಕ್ಷರು ಶಾಮಿಯಾನ ನೋಡೋಕೆ ಬಂದರು. ದೊಡ್ಡ ಮನುಷ್ಯರು. ಇಸ್ತ್ರಿ ಮಾಡಿದ ಬಿಳೀ ಜುಬ್ಬ, ಕೊರಳಲ್ಲಿ ಹಾರ, ಮುಂದೆ ಒಳ್ಳೇ ಹೊಟ್ಟೆ. ಸುತ್ತ ಫೋಟೋ ತೆಗೆಯೋರು. ಮರಿಲಿಂಗ ಮಂಚನ ಪಕ್ಕೆ ತಿವಿದು ಮೆಲ್ಲಗೆ ಹೇಳಿದ:

"ಲೋ, ಅಧ್ಯಕ್ಷರು ಕಣೋ. ಹೋಗಿ ಒಂದು ಸಲಾಮು ಹೊಡಿ!"

ಹೊಡಿ! ಮಂಚ ಸೀದಾ ಹೋದ. ಎರಡು ಕೈಲೂ ಅಧ್ಯಕ್ಷರ ಹೆಗಲು ಬಿಗಿಯಾಗಿ ಹಿಡ್ಕೊಂಡ. ಮೇಲೆ ಕೆಳಗೆ! ಮೇಲೆ ಕೆಳಗೆ! ಅಧ್ಯಕ್ಷರು ಕೂತರು, ಎದ್ದರು, ಕೂತರು, ಎದ್ದರು. ಹಾರ ಹರೀತು, ಕನ್ನಡಕ ಹಾರಿತು.

"ಏಯ್! ಏಯ್! ಯಾರೀ ಇವನು!"

"ಇರಿ ಸ್ವಾಮಿ, ನೋಡ್ಬುಡ್ತೀನಿ" ಅಂತ ಮಂಚ ಹೆಬ್ಬೆಟ್ಟಲ್ಲಿ ಅವರ ಹೊಟ್ಟೆ ಅಮುಕಿದ. ಆಮೇಲೆ ಮೈದಾನಕ್ಕೆಲ್ಲಾ ಕೇಳೋ ಹಾಗೆ ಕೂಗಿದ: "ಮಾವ! ಇನ್ನೂ ಮೆತ್ತಗದೆ!"

ನಾಲ್ಕು ಜನ ಸೇರಿ ಬಿಡಿಸಿದರು. ಮರಿಲಿಂಗ ಅಧ್ಯಕ್ಷರ ಕಾಲು ಹಿಡಿದ.

ಮನೇಲಿ ಹೊಂಬಾಳಮ್ಮನಿಗೆ ಬೈಯೋಕೂ ಶಕ್ತಿ ಇರಲಿಲ್ಲ. ನೀರು ಕುಡಿದು ಬೈದಳು. "ದೊಡ್ಡೋರ್ನ ಮುಟ್ಬಾರದು ಕಣ್ಲಾ ಪಾಪಿ! ದೂರದಲ್ಲಿ ನಿಂತ್ಕೊಂಡು, ಎರಡೂ ಕೈ ಜೋಡ್ಸಿ, ಕಣ್ಣು ಮುಚ್ಚಿ, 'ಎಲ್ಲಾ ನಿಮ್ಮ ಆಶೀರ್ವಾದ' ಅನ್ಬೇಕು. ಎಲ್ಲಿ, ಅನ್ನು!"

"ಎಲ್ಲಾ ನಿಮ್ಮ ಆಶೀರ್ವಾದ!"

"ಹಾಂ. ಮರ್ತೀಯೇ!"

ಮರೀತಾನಾ? ಮಂಚ ಯಾವುದನ್ನೂ ಮರೆಯೋನಲ್ಲ. ಅದೇ ಕಷ್ಟ.

ಮಾರನೇ ದಿನ ಹಬ್ಬದಲ್ಲಿ ಗುಡ್ಡದಿಂದ ಇಳಿಯೋ ಸವಾರಿ. ಮರಿಲಿಂಗ ಗುಡ್ಡದ ಮೇಲೆ ಒಂದು ಸೈಕಲ್ ರಿಪೇರಿ ಮಾಡಿ, "ಇದನ್ನ ಕೆಳಗಡೆ ಮೈದಾನಕ್ಕೆ ಬಿಟ್ಟು ಬಾ" ಅಂತ ಕೊಟ್ಟ. ಮಂಚ ಹತ್ತಿದ. ಸೈಕಲ್ ಜರ್ರಂತ ಇಳೀತು. ಇಳಿಜಾರಿನ ಕೊನೇಲಿ ಬ್ಯಾಂಡ್‌ಸೆಟ್ಟಿನವರು ಸಾಲಾಗಿ ನಿಂತು ಬಾರಿಸ್ತಾ ಇದ್ದರು. ಮರಿಲಿಂಗ ಮೇಲಿಂದ ಕೂಗಿದ:

"ಮಂಚ! ಬ್ರೇಕ್ ಹೊಡಿ! ಬ್ರೇಕ್ ಹೊಡಿಯೋ!"

ಹೊಡಿ! ಮಂಚ ಹ್ಯಾಂಡಲ್ ಬಿಟ್ಟ. ಎರಡೂ ಕೈ ಜೋಡಿಸಿದ. ಕಣ್ಣು ಮುಚ್ಚಿದ. ಗಾಳಿ ಹಂಗೆ ಬರ್ತಾ ಇದ್ದಾನೆ! ದಾರಿ ಬದಿ ಜನಕ್ಕೆ ಇದೇನೋ ಹೊಸಾ ಆಟ ಅಂತ ಕಂಡಿತು. "ಕೈ ಬಿಟ್ಟು ಬರ್ತಾವ್ನೆ ನೋಡ್ರೋ! ಕಣ್ಣು ಮುಚ್ಕೊಂಡು ಬರ್ತಾವ್ನೆ ನೋಡ್ರೋ!" ಅಂತ ಸೀಟಿ, ಚಪ್ಪಾಳೆ.

ಕಹಳೆಯೋನು ಎಡಕ್ಕೆ ಹಾರಿದ. ತಾಳದೋನು ಬಲಕ್ಕೆ ಹಾರಿದ. ದೊಡ್ಡ ಡೋಲಿನೋನಿಗೆ ಹಾರೋಕೆ ಆಗಲಿಲ್ಲ. ಢಬ್! ಮಂಚನ ತಲೆ ಡೋಲಿನ ಈ ಕಡೆ ಹೊಕ್ಕು ಆ ಕಡೆ ಬಂತು. ಕಣ್ಣು ಬಿಟ್ಟು ನೋಡಿದರೆ ಎದುರಿಗೆ ಡೋಲಿನೋನ ಮುಖ.

"ಎಲ್ಲಾ ನಿಮ್ಮ ಆಶೀರ್ವಾದ!" ಅಂದ ಮಂಚ.

ಮರಿಲಿಂಗ ಹೇಳಿ ಕಳಿಸಿದ: "ಅಕ್ಕಯ್ಯ, ನಾಳೆ ಕೊನೇ ದಿನ. ನೀನೇ ಬಂದು ನಿನ್ನ ಮಗನ್ನ ಕರ್ಕೊಂಡು ಹೋಗು. ನನ್ನ ಕೈಲಿ ಆಗಲ್ಲ."

ಹೊಂಬಾಳಮ್ಮ ಆವತ್ತು ಬೈಯಲಿಲ್ಲ. ಮಗನಿಗೆ ಉಣ್ಣೋಕೆ ಇಕ್ಕಿ, ತಾನು ಉಣ್ಣದೆ ಕೂತಿದ್ದಳು. "ಯಾಕವ್ವ ಉಣ್ಣಲ್ವಾ?" ಅಂದ ಮಂಚ. "ಹೊಟ್ಟೆ ತುಂಬೈತೆ ಕಣಪ್ಪ" ಅಂದಳು. ತುಂಬಿದ್ದು ಹೊಟ್ಟೆ ಅಲ್ಲ ಅಂತ ಅವನಿಗೆ ಹೆಂಗೆ ತಿಳೀಬೇಕು?

ಬೆಳಗ್ಗೆ ತಾಯಿ ಮಗ ಇಬ್ಬರೂ ಬಂದರು. ಹೊಂಬಾಳಮ್ಮ ತಮ್ಮನ ಕೈ ಹಿಡ್ಕೊಂಡಳು. "ಇದೊಂದು ದಿನ ನೋಡು ಮರಿಲಿಂಗ. ತಪ್ಪು ಅವನದಲ್ಲ, ಆ ಹಾಳು ಮಾತಿಂದು. ಸೈಕಲ್ಲಿಗೂ ಹೊಡಿ, ಗಾಳಿಗೂ ಹೊಡಿ, ಸಲಾಮಿಗೂ ಹೊಡಿ, ಬ್ರೇಕಿಗೂ ಹೊಡಿ! ಅವನ ಮುಂದೆ ಹೊಡಿ ಅನ್ಬ್ಯಾಡ ಕಣಪ್ಪ. ಬೇರೆ ಏನಾದ್ರೂ ಅನ್ನು."

ಮರಿಲಿಂಗ ಯೋಚನೆ ಮಾಡಿದ. ಅಕ್ಕ ಹೇಳೋದರಲ್ಲೂ ನ್ಯಾಯ ಇದೆ. ಆವತ್ತು ಇಡೀ ಪ್ಯಾಟೆ ಸುತ್ತೋ ದೊಡ್ಡ ಸವಾರಿ. ಶಾಮಿಯಾನದ ಮುಂದೆ ಸಾಲು ಸಾಲು ಸೈಕಲ್ ನಿಲ್ಲಿಸಿ ಜನ ತಿಂಡಿಗೆ ಹೋಗಿದ್ದರು. ಮರಿಲಿಂಗನೂ ಟ್ಯೂಬು ತರೋಕೆ ಅಂಗಡಿಗೆ ಹೊರಟಿದ್ದ. ಮಾತು ತೂಗಿ ತೂಗಿ ಹೇಳಿದ:

"ಮಂಚ, ಸುಮ್ನೆ ಕೂರಬ್ಯಾಡ. ಸೈಕಲ್ ತಂದು ನಿಲ್ಸಿದೋರಿಗೆ ಪಂಚರ್ ಹಾಕ್ತಾ ಇರು."

ಹೊಡಿ ಅನ್ನಲಿಲ್ಲ! ಹಾಕು ಅಂದ! ಹೊಂಬಾಳಮ್ಮನ ಎದೆ ಹಗುರಾಯ್ತು.

ಮಂಚ ಪೆಟ್ಟಿಗೇಲಿ ಹುಡುಕಿದ. ಗೋಣಿ ಹೊಲಿಯೋ ದಬ್ಬಳ ಸಿಕ್ಕಿತು. ಮೊದಲನೇ ಸೈಕಲ್ ಮುಂದೆ ಕೂತ. ಚುಚ್ಚಿದ. ಟುಸ್ಸ್! ಹಿಂದಿನ ಚಕ್ರ. ಟುಸ್ಸ್! ಪಕ್ಕದ್ದು. ಟುಸ್ಸ್! ಟುಸ್ಸ್!

ಹೊಂಬಾಳಮ್ಮ ಆ ಕಡೆ ನೆರಳಲ್ಲಿ ಟೀ ಕುಡೀತಾ ಕೂತಿದ್ದಳು. "ಏನ್ ಮಾಡ್ತಿದ್ಯಪ್ಪ?"

"ಪಂಚರ್ ಹಾಕ್ತಾವ್ನಿ ಕಣವ್ವ!"

"ಹಾಕು ಮಗ, ಹಾಕು! ಒಂದೂ ಬುಡಬ್ಯಾಡ!"

ಒಂದೂ ಬಿಡಲಿಲ್ಲ.

ತಿಂಡಿ ತಿಂದು ಜನ ಬಂದರು. ಅಧ್ಯಕ್ಷರು ಬಾವುಟ ಎತ್ತಿದರು. ಪೀಪಿ ಊದಿದರು. ಎಲ್ಲರೂ ಹತ್ತಿದರು, ತುಳಿದರು. ಗಡಗಡ, ಗಡಗಡ, ಗಡಗಡ! ಒಬ್ಬರ ಮೇಲೊಬ್ಬರು. "ನಂದು ಪಂಚರ್!" "ನಂದೂ ಪಂಚರ್!" "ಎಲ್ಲಾರದೂ ಪಂಚರ್!"

ಮರಿಲಿಂಗ ಟ್ಯೂಬು ಹೊತ್ಕೊಂಡು ಬಂದೋನು ನೋಡಿದ. ಮಂಚನ ಕೈಲಿ ದಬ್ಬಳ.

"ಎಲ್ಲಾ ಹಾಕಿದೆ ಮಾವ! ಮುಂದಕ್ಕೂ ಹಾಕಿದೆ, ಹಿಂದಕ್ಕೂ ಹಾಕಿದೆ!"

ಮರಿಲಿಂಗ ಕೂಗಿದ. ಹಂಗೆ ಕೂಗಿದ, ಹಿಂಗೆ ಕೂಗಿದ. ಮಂಚನಿಗೆ ಕೂಗಿದ, ಅಕ್ಕನಿಗೆ ಕೂಗಿದ, ದೇವರಿಗೆ ಕೂಗಿದ. ಕೂಗಿ ಕೂಗಿ ಕೊನೆಗೆ ಬರೀ "ಹಸ್... ಹಸ್..." ಅಂತ ಗಾಳಿ ಬಂತು. ದನಿ ಪೂರಾ ಕೂತುಹೋಗಿತ್ತು.

ಈಗ ಏನು ಮಾಡ್ತಾನೆ? ಸುತ್ತ ಜನ, ಒಳಗೆ ಕೋಪ, ಬಾಯಲ್ಲಿ ಮಾತಿಲ್ಲ. ಮಂಚನ ಕೈ ಹಿಡಿದು ಎಳೆದು ಪಕ್ಕದಲ್ಲಿ ಕೂರಿಸ್ಕೊಂಡ. ಟೈರು ಬಿಚ್ಚಿದ, ಮಂಚನ ಕೈಗೆ ಕೊಟ್ಟ. ಟ್ಯೂಬು ನೀರಲ್ಲಿ ಅದ್ದಿದ, ಗುಳ್ಳೆ ತೋರಿಸಿದ. ಉಜ್ಜಿದ, ಅಂಟು ಸವರಿದ, ತೇಪೆ ಇಟ್ಟ, ಒತ್ತಿದ.

ಮಂಚ ನೋಡಿದ. ಮಾತಿಲ್ಲ, ಗೊಂದಲ ಇಲ್ಲ! ಟೈರು ಬಿಚ್ಚಿದ, ಅದ್ದಿದ, ಉಜ್ಜಿದ, ಸವರಿದ, ಇಟ್ಟ, ಒತ್ತಿದ. ಮಾವ ಮಾಡಿದ ಹಾಗೇ ಮಾಡಿದ. ಮಾವ ನಡುವೆ ಮೂಗು ಒರೆಸ್ಕೊಂಡರೆ ತಾನೂ ಮೂಗು ಒರೆಸ್ಕೊಂಡ. ಆದರೆ ತೇಪೆ ಮಾತ್ರ ಬಂಡೆ ಹಂಗೆ ಕೂತಿತ್ತು. ಇನ್ನೊಂದು ಮಾಡಿದ. ಮತ್ತೊಂದು ಮಾಡಿದ. ಮಾವ ದಣಿದು ಕೈ ಬಿಟ್ಟರೂ ಮಂಚ ಬಿಡಲಿಲ್ಲ. ಹೊತ್ತು ಇಳಿಯೋ ಹೊತ್ತಿಗೆ ಸವಾರಿ ಹೊರಟಿತು. ಒಂದು ಚಕ್ರವೂ ಟುಸ್ ಅನ್ನಲಿಲ್ಲ. ಅಧ್ಯಕ್ಷರು ಹೊಟ್ಟೆ ಮೇಲೆ ಎರಡೂ ಕೈ ಇಟ್ಕೊಂಡು, ದೂರದಿಂದಲೇ "ಶಭಾಷ್" ಅಂದರು.

ಮರಿಲಿಂಗ ಅಕ್ಕನ ಕಡೆ ತಿರುಗಿದ. ಮಂಚನನ್ನ ತೋರಿಸಿದ, ತನ್ನ ಎದೆ ಮುಟ್ಕೊಂಡ, ಅಂಗಡಿ ಇರೋ ದಿಕ್ಕಿಗೆ ಕೈ ಮಾಡಿದ. ಆಮೇಲೆ ತುಟಿ ಮೇಲೆ ಬೆರಳಿಟ್ಟು ತಲೆ ಆಡಿಸಿದ. ಇಟ್ಕೋತೀನಿ, ಆದರೆ ಜನ್ಮದಲ್ಲಿ ಇವನ ಹತ್ರ ಬಾಯಿ ಬಿಡಲ್ಲ ಅಂತ! ಹೊಂಬಾಳಮ್ಮ ಸೆರಗಲ್ಲಿ ಕಣ್ಣೊರೆಸ್ಕೊಂಡಳು.

ಊರಿಗೆ ಹೋಗೋಕೆ ಅಂತ ಮರಿಲಿಂಗ ಒಂದು ಸೈಕಲ್ಲೂ ಕೊಟ್ಟ. ಹೊಂಬಾಳಮ್ಮನಿಗೆ ಹಿಗ್ಗೋ ಹಿಗ್ಗು. ಹಿಗ್ಗಿದೋಳು ಸುಮ್ಮನಿರಬಾರದಾ? ಮಗನಿಗೆ ಬುದ್ಧಿ ಹೇಳಿದಳು!

"ನಾನು ಹಿಂದೆ ಕೂತಿರ್ತೀನಿ. ನೀನು ಹಿಂದೆ ತಿರುಗಿ ನೋಡ್ಬ್ಯಾಡ. ಎಲ್ಲೂ ನಿಲ್ಲಿಸ್ಬ್ಯಾಡ. ಮನೆ ಹತ್ರ ನಾನು ಇಳಿಯೋಗಂಟ ನೀನು ಇಳೀಬ್ಯಾಡ. ತಿಳೀತಾ?"

"ತಿಳೀತು ಕಣವ್ವ!"

ತಿಳಿದ ತಕ್ಷಣ ಹೊರಟೇಬಿಟ್ಟ. ಹೊಂಬಾಳಮ್ಮ ಇನ್ನೂ ಸೀರೆ ನೆರಿಗೆ ಸಿಗಿಸ್ಕೋತಾ ಇದ್ದಳು.

"ಲೋ! ನಿಲ್ಸೋ! ನಾನು ಹತ್ತಿಲ್ಲ ಕಣ್ಲಾ!"

ನಿಲ್ಲಿಸಬೇಡ ಅಂದಿದ್ದಾಳಲ್ಲ! ಅವ್ವ ತನ್ನನ್ನ ಪರೀಕ್ಷೆ ಮಾಡ್ತಾಳೆ ಅಂದ್ಕೊಂಡು ಮಂಚ ಇನ್ನೂ ಜೋರಾಗಿ ತುಳಿದ. ಅವ್ವನ ದನಿ ಸಣ್ಣಗಾಯ್ತು. ಪಾಪ, ಸುಸ್ತಾಗೈತೆ ಅಂದ್ಕೊಂಡ. ದಾರಿ ಉದ್ದಕ್ಕೂ ಅವ್ವನ ಹತ್ರ ಮಾತಾಡಿದ. ಅವ್ವ ಒಂದಕ್ಕೂ ಬೈಯಲಿಲ್ಲ!

ಹೊಂಬಾಳಮ್ಮ ಬಸ್ಸಿಗೆ ಕಾದು, ನಿಂತು, ಹತ್ತಿ, ಹಲ್ಲು ಕಚ್ಕೊಂಡು ಊರಿಗೆ ಬಂದಳು. ಮನೆ ಮುಂದೆ ಜನ ಸೇರಿದ್ದರು. ಮಂಚ ಜಗಲಿಗೆ ಒಂದು ಕಾಲು ಆನಿಸ್ಕೊಂಡು ಸೈಕಲ್ ಮೇಲೆ ಕೂತೇ ಇದ್ದ. ಕತ್ತು ಅಲ್ಲಾಡಿಸ್ತಿರಲಿಲ್ಲ.

"ಇಳಿಯೋ ಮಂಚ!" ಅಂದರು ಜನ.

"ಅವ್ವ ಇಳೀಲಿ, ಇಳೀತೀನಿ."

"ನಿಮ್ಮವ್ವ ಎಲ್ಲವ್ಳೋ?"

"ಹಿಂದೆ ಅವ್ಳೆ. ನೀವೇ ನೋಡ್ಕೊಳ್ಳಿ. ನಾನು ನೋಡಂಗಿಲ್ಲ."

ಹೊಂಬಾಳಮ್ಮ ಬಾಯಿ ತೆರೆದಳು. ಬೈಗುಳ ನಾಲಿಗೆ ತುದಿಗೇ ಬಂದಿತ್ತು. ಮಗನ ಬೆನ್ನು ನೋಡಿದಳು. ಅಂಗಿ ಬೆವರಿಗೆ ಒದ್ದೆಯಾಗಿ ಅಂಟ್ಕೊಂಡಿತ್ತು. ಮೆಲ್ಲಗೆ ಹಿಂದಿನಿಂದ ಹೋಗಿ ಕ್ಯಾರಿಯರ್ ಮೇಲೆ ಒಂದು ಸಲ ಕೈ ಊರಿ, ಕೈ ತೆಗೆದಳು.

"ಇಳಿದೆ ಕಣಪ್ಪ."

ಮಂಚ ಉಸ್ಸಂತ ಇಳಿದ. ಮುಖ ಒರೆಸ್ಕೊಂಡು, ತಾಯಿ ಕಡೆ ತಿರುಗಿ ಹೇಳಿದ:

"ಸ್ವಲ್ಪ ಊಟ ಕಮ್ಮಿ ಮಾಡವ್ವ! ಏರು ಬಂದಾಗ ನಿನ್ನ ಭಾರಕ್ಕೆ ನನ್ನ ಜೀವ ಹೋಗಿ ಬಂತು!"