ನೇರಳೆ ಹಾಕಿದ ಮಡಕೆ

ಹೊಳೆಯ ಆಚೆ ದಡದಲ್ಲಿ ಬಿಳಿಗಿರಯ್ಯ ಎಂಬ ಗುರುಗಳ ಆಶ್ರಮವಿತ್ತು. ಅಲ್ಲಿ ಮೊಳಕೆ ರಾಗಿಯನ್ನು ಹುರಿದು ಮದ್ಯ ಮಾಡುತ್ತಿದ್ದರು. ಹುಬ್ಬೇರಿಸಬೇಡಿ, ತೀರಾ ಎಳೆಯ ಮದ್ಯ. ದಿನವಿಡೀ ದೋಣಿ ನಡೆಸಿ ಸೋತ ಅಂಬಿಗರಿಗೆ ಸಂಜೆ ಒಂದೊಂದು ಬಟ್ಟಲು ಕೊಡುವುದು ಅಲ್ಲಿನ ಪದ್ಧತಿ.

ಆ ಮದ್ಯದ ಜೀವವೆಲ್ಲ ಅದರ ಗಸಿಯಲ್ಲಿತ್ತು. ಒಂದು ಮಡಕೆ ಬರಿದಾದಾಗ ತಳದಲ್ಲಿ ಉಳಿದ ಗಸಿಯೇ ಮುಂದಿನ ಮಡಕೆಗೆ ಬೀಜ. ಅರ್ಧ ಹಾಕಬೇಕು, ಅರ್ಧ ತೆಗೆದಿಡಬೇಕು. ಬಿಳಿಗಿರಯ್ಯನವರಿಗೆ ಅದು ಅವರ ಗುರುಗಳಿಂದ ಬಂದದ್ದು, ಆ ಗುರುಗಳಿಗೆ ಅವರ ಗುರುಗಳಿಂದ.

ಸಂಚಾರಕ್ಕೆ ಹೊರಟಾಗ ಗುರುಗಳು ಮಡಕೆಯನ್ನು ಶಿಷ್ಯ ದುಗ್ಗಪ್ಪನಿಗೆ ಒಪ್ಪಿಸಿದರು.

ದುಗ್ಗಪ್ಪ ಆಶ್ರಮ ಸೇರುವ ಮೊದಲು ಮದುವೆಮನೆಗಳಲ್ಲಿ ಅಡುಗೆ ಮಾಡುತ್ತಿದ್ದವನು. ಸಾರು ಹುಳಿಯಾದರೆ ಬೆಲ್ಲ, ಉಪ್ಪಾದರೆ ಇನ್ನಷ್ಟು ಬೇಳೆ. ಅವನ ಕೈಯಲ್ಲಿ ಅಡುಗೆ ಕೆಟ್ಟಿತೆಂಬ ಮಾತೇ ಇರಲಿಲ್ಲ. ಸುಮ್ಮನಿರುವುದೊಂದು ಮಾತ್ರ ಆ ಕೈಗೆ ಬರುತ್ತಿರಲಿಲ್ಲ.

ಗುರುಗಳು ಬರುವಷ್ಟರಲ್ಲಿ ಏನಾದರೂ ವಿಶೇಷ ಮಾಡಿಟ್ಟಿರಬೇಕು ಅನ್ನಿಸಿತು ಅವನಿಗೆ. ಹುದುಗುತ್ತಿದ್ದ ಮಡಕೆಗೆ ಮಾಗಿದ ನೇರಳೆ ಹಣ್ಣು ಹಾಕಿದ. ಅಷ್ಟು ಹಣ್ಣಿಗೆ ಹುದುಗು ಸಾಲದೇ ಹೋದೀತೆಂದು, ತೆಗೆದಿಟ್ಟಿದ್ದ ಅರ್ಧ ಗಸಿಯನ್ನೂ ಸುರಿದುಬಿಟ್ಟ.

ಗುರುಗಳು ಮರಳಿದ ದಿನ ದೋಣಿಯ ಬಳಿಗೇ ಓಡಿಹೋಗಿ ಕಾಲು ಹಿಡಿದ.

"ಬುದ್ಧಿ, ಮಡಕೆ ಕೆಡಿಸ್ಬುಟ್ಟೆ. ತೆಗೆದಿಟ್ಟ ಗಸೀನೂ ಅದಕ್ಕೇ ಹಾಕ್ಬುಟ್ಟೆ. ನಿಮ್ಮ ಗುರುಗಳು ಕೊಟ್ಟ ಬೀಜ ನನ್ನ ಕೈಲಿ ಸತ್ತೋಯ್ತು."

"ಮೊದ್ಲು ಕಾಲು ಬಿಡಯ್ಯ. ಕೆಸರಲ್ಲಿ ಜಾರ್ತೀನಿ."

ಗುರುಗಳು ನೇರ ಮಡಕೆಯ ಹತ್ತಿರ ಬಂದು ಅದರ ಬಾಯಿಗೆ ಕಟ್ಟಿದ್ದ ಬಟ್ಟೆ ಸರಿಸಿದರು. ಬಗ್ಗಿ ಮೂಸಿದರು. ದುಗ್ಗಪ್ಪ ಅವರ ಮುಖವನ್ನೇ ನೋಡುತ್ತ ನಿಂತ.

"ನೆಲಕ್ಕೆ ಬಿದ್ದ ಹಣ್ಣಾ?"

"ಇಲ್ಲ ಬುದ್ಧಿ, ಕೊಂಬೆಯಿಂದ ಕಿತ್ತಿದ್ದು. ತೊಳೆದು, ಹಬೇಲಿ ಬಾಡಿಸಿ ಹಾಕ್ದೆ."

"ಹಣ್ಣಿನ ಬೀಜ ಜಜ್ಜಿದ್ಯಾ?"

"ಇಲ್ಲ. ಕೈಯಲ್ಲೇ ಹಿಸುಕಿ ತೆಗೆದ್ಬುಟ್ಟೆ."

"ಮತ್ತೆ ಕೆಟ್ಟಿದ್ದೇನು?"

"ಹಣ್ಣು ಜೇನಿನ ಹಾಗಿತ್ತು ಬುದ್ಧಿ. ಈಗ ಕುಡಿದ್ರೆ ಬರೀ ಹುಳಿ, ಒಗರು. ಬೆಲ್ಲ ಹಾಕ್ದೆ. ಅವತ್ತು ಸಿಹಿ ಇತ್ತು, ಮಾರನೆ ದಿನ ಇಲ್ಲ. ಮತ್ತೆ ಹಾಕ್ದೆ, ಮತ್ತೆ ಹೋಯ್ತು. ಅಟ್ಟದ ಮೇಲಿದ್ದ ಬೆಲ್ಲದಚ್ಚೆಲ್ಲ ಮುಗೀತು, ಹುಳಿ ಮಾತ್ರ ಹೋಗ್ಲಿಲ್ಲ."

ಗುರುಗಳು ತಮ್ಮ ಜೋಳಿಗೆಯಿಂದ ಒಂದು ಚೂರು ಬೆಲ್ಲ ತೆಗೆದು ಅವನ ಬಾಯಿಗೆ ಹಾಕಿದರು.

"ಚೀಪು."

ಚೀಪಿದ. ಗುರುಗಳು ಅಂಗಳಕ್ಕೆ ಹೋಗಿ ಮರದಿಂದ ಒಂದು ನೇರಳೆ ಹಣ್ಣು ಕಿತ್ತು ತಂದರು.

"ಈಗ ಇದು."

ಹಣ್ಣು ಅಗಿದದ್ದೇ ತಡ, ದುಗ್ಗಪ್ಪ ಮುಖ ಕಿವಿಚಿದ.

"ಹೇಗಿದೆ?"

"ಹುಳಿ ಬುದ್ಧಿ. ಒಗರು." ಅಷ್ಟು ಹೇಳಿ ಅಗಿಯುವುದನ್ನೇ ನಿಲ್ಲಿಸಿದ. "ಇದು ಮಡಕೇದೇ ರುಚಿ."

"ಹಣ್ಣು ಕೆಟ್ಟಿದ್ಯಾ?"

"ಇಲ್ಲ."

"ಬೆಲ್ಲ ತಿಂದ ನಾಲಗೆಗೆ ಹಣ್ಣಿನ ಸಿಹಿ ಗೊತ್ತಾಗಲ್ಲ. ಸಿಹಿ ಬಿಟ್ಟು ಮಿಕ್ಕ ಹಣ್ಣು ಗೊತ್ತಾಗುತ್ತೆ. ಮಡಕೇಲಿರೋದೂ ಆ ಮಿಕ್ಕ ಹಣ್ಣೇ."

ಗುರುಗಳು ಒಂದು ಬಟ್ಟಲು ಬಗ್ಗಿಸಿಕೊಂಡು ನಿಧಾನವಾಗಿ ಕುಡಿದರು. ಇನ್ನೊಂದು ಬಗ್ಗಿಸಿಕೊಂಡರು. ದುಗ್ಗಪ್ಪ ಬಾಯಿ ಮುಕ್ಕಳಿಸಿ ಬಂದು ತಾನೂ ಕುಡಿದು ನೋಡಿದ. ಹುಳಿ ಇತ್ತು. ಅದರ ಹಿಂದೆಯೇ ನೇರಳೆಯ ಘಮ ಇತ್ತು, ಹುರಿದ ರಾಗಿಯ ಘಮವೂ ಇತ್ತು. ಇಷ್ಟು ದಿನ ಸಿಹಿಯನ್ನೇ ಹುಡುಕುತ್ತಿದ್ದವನಿಗೆ ಅವು ಸಿಕ್ಕಿರಲಿಲ್ಲ. ಅವನಿಗೆ ನಗುವೂ ಬಂತು, ಕಣ್ಣಲ್ಲಿ ನೀರೂ ಬಂತು.

"ಅಂಬಿಗರಿಗೆ ಕೊಡಬಹುದಾ ಬುದ್ಧಿ?"

"ಸಂಜೆಗೇ ಕೊಡು. ನನಗೂ ಸ್ವಲ್ಪ ಉಳಿಸು."

ದುಗ್ಗಪ್ಪ ಬಟ್ಟಲು ತೊಳೆದಿಟ್ಟ. ಎದೆಯ ಭಾರ ಅರ್ಧ ಇಳಿದಿತ್ತು. ಇನ್ನರ್ಧ ಕೇಳದೆ ಇಳಿಯುವಂಥದ್ದಲ್ಲ.

"ಮದ್ಯವೇನೋ ಉಳೀತು ಬುದ್ಧಿ. ಬೀಜ? ದಿನಾ ಕೈ ಹಾಕಿ ಕದಡಿದೀನಿ. ತಳದ ಗಸೀಲಿ ಇನ್ನೂ ಜೀವ ಇದೆ ಅಂತ ಹೆಂಗೆ ನಂಬಲಿ?"

ಗುರುಗಳು ಮಡಕೆಯ ಬಾಯಿಗೆ ಬಟ್ಟೆ ಕಟ್ಟುತ್ತ ಕೇಳಿದರು:

"ಮತ್ತೆ ದಿನಾ ನಿನ್ನ ಬೆಲ್ಲ ತಿಂದೋರು ಯಾರಯ್ಯ?"