ಬದುಕಿರುವವರ ಹೆಸರು

ನದೀತೀರದಲ್ಲಿ ಒಂದು ಪ್ರಾರ್ಥನಾಶ್ರಮ. ಅಲ್ಲೊಂದು ಹಳೆಯ ಪಿಯಾನೋ. ಅದನ್ನು ನುಡಿಸುತ್ತ, ಕಲಿಸುತ್ತ, ಕರ್ತನ ಕೃಪೆಯಲ್ಲಿ ಮುದುಕರಾದವರು ದೇವಪ್ರಿಯ ಮಾಸ್ಟ್ರು.

ಅವರ ಶಿಷ್ಯೆ ಸಲೋಮಿಗೆ ಆಗಷ್ಟೇ ಹೆಸರು ಬರತೊಡಗಿತ್ತು. ಅವಳಿಗೊಂದು ಹಟ: ಬದುಕಿರುವವರು ಬರೆದ ಹೊಸ ಸಂಗೀತವನ್ನೇ ನುಡಿಸಬೇಕು. ಅದರಲ್ಲೂ ಪೇಟೆಯ ಹೈಸ್ಕೂಲಿನಲ್ಲಿ ಸಂಗೀತ ಕಲಿಸುವ ಜಯಶೀಲರ ರಚನೆಗಳೆಂದರೆ ಅವಳಿಗೆ ಪ್ರಾಣ.

ಜನ ಮಾತ್ರ, ಹೊಸದು ಎಂದ ಕೂಡಲೇ ಎದ್ದು ಚಪ್ಪಲಿ ಹುಡುಕುತ್ತಿದ್ದರು.

ಒಂದು ದಿನ ಅವಳು ಆಶ್ರಮಕ್ಕೆ ಓಡುತ್ತಲೇ ಬಂದಳು.

“ಮಾಸ್ಟ್ರೇ, ನಿನ್ನೆ ಪೇಟೆಯಲ್ಲಿ ನಾನು ನುಡಿಸಿದ ಜಯಶೀಲರ ‘ಸಂಜೆಯ ದೋಣಿ’ ಗೆದ್ದಿತು! ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಇನ್ನೊಮ್ಮೆ ನುಡಿಸಿ ಅಂದರು.”

“ದೇವರಿಗೆ ಸ್ತೋತ್ರ. ಇಷ್ಟು ದಿನ ಓಡಿಹೋಗುತ್ತಿದ್ದವರು ಈಗ ಹೇಗೆ ಕೂತರು?”

ಸಲೋಮಿ ಪಿಯಾನೋದ ಮುಚ್ಚಳ ಸವರಿದಳು.

“ಜಯಶೀಲರದ್ದು ಅಂತ ಹೇಳಲಿಲ್ಲ. ಇನ್ನೂರು ವರ್ಷದ ಹಿಂದೆ ತೀರಿಕೊಂಡ ಜರ್ಮನಿಯವನೊಬ್ಬನದ್ದು, ಈಗ ಸಿಕ್ಕಿತು ಅಂದೆ.”

“ಜಯಶೀಲರು ಬಂದಿದ್ದರಾ?”

“ಹಿಂದಿನ ಬೆಂಚಿನಲ್ಲಿದ್ದರು. ಅವರೂ ಚಪ್ಪಾಳೆ ತಟ್ಟಿದರು. ಆಮೇಲೆ ಹುಡುಕಿದೆ, ಕಾಣಲಿಲ್ಲ.”

ಸಲೋಮಿ ಮಾತು ಮುಂದುವರಿಸಿದಳು.

“ಬರುವ ಶನಿವಾರ ಮಂಗಳೂರಿನ ದೊಡ್ಡ ಸಭಾಂಗಣಕ್ಕೆ ಕರೆದಿದ್ದಾರೆ. ಆ ಜರ್ಮನಿಯವನದ್ದೇ ಬೇಕಂತೆ. ನಿಜ ಹೇಳಿದರೆ ಆ ಬಾಗಿಲು ಮುಚ್ಚಿದ ಹಾಗೆಯೇ. ಸಂಗೀತ ಜನರ ಕಿವಿಗೆ ಬಿತ್ತಲ್ಲ ಮಾಸ್ಟ್ರೇ, ಹೆಸರು ಯಾರದ್ದಾದರೆ ಎಂತ?”

“ಸಂಜೆ ಪ್ರಾರ್ಥನೆಗೆ ಇರು,” ಎಂದರು ಮಾಸ್ಟ್ರು.

ಆ ಆಶ್ರಮದಲ್ಲಿ ಒಂದು ಕ್ರಮವಿದೆ. ಮೊದಲು ಎಲ್ಲರೂ ಚಾಪೆಯ ಮೇಲೆ ಕೂತು, ಬದುಕಿರುವವರ ಹೆಸರು ಹೇಳಿ ಅವರಿಗಾಗಿ ಬೇಡುತ್ತಾರೆ. ಆಮೇಲೆ ಎದ್ದು ನಿಂತು, ತೀರಿಕೊಂಡವರ ಹೆಸರು ಹೇಳಿ, ಅವರ ಬಾಳಿಗಾಗಿ ದೇವರಿಗೆ ಸ್ತೋತ್ರ ಸಲ್ಲಿಸುತ್ತಾರೆ. ಆ ಪುಣ್ಯವಂತರೆಲ್ಲ ಕರ್ತನ ಬಳಿ ಸುಖವಾಗಿದ್ದಾರೆ. ನಾವು ಮರೆಯಬಾರದು, ಅಷ್ಟೇ.

ಅಂದು ಎಲ್ಲರೂ ಎದ್ದು ನಿಂತ ಮೇಲೆ ಮಾಸ್ಟ್ರು ಕಣ್ಣು ಮುಚ್ಚಿದರು.

“ನಮಗೆಲ್ಲ ಅಡುಗೆ ಮಾಡಿ ಬಡಿಸಿದ ಮಾರ್ತಮ್ಮನಿಗಾಗಿ, ಕರ್ತನೇ, ನಿನಗೆ ಸ್ತೋತ್ರ.”

“ಆಮೆನ್,” ಎಂದರು ಎಲ್ಲರೂ.

“ನಮ್ಮನ್ನು ಹೊಳೆ ದಾಟಿಸಿದ ಯಾಕೋಬನಿಗಾಗಿ ಸ್ತೋತ್ರ.”

“ಆಮೆನ್.”

“‘ಸಂಜೆಯ ದೋಣಿ’ ಬರೆದ ಜಯಶೀಲರಿಗಾಗಿ ಸ್ತೋತ್ರ.”

“ಅಯ್ಯೋ ಮಾಸ್ಟ್ರೇ!” ಸಲೋಮಿ ಕೂಗಿಬಿಟ್ಟಳು. “ಅವರು ಬದುಕಿದ್ದಾರೆ!”

ಆ ಕೂಗಿಗೆ ಹೆಂಚಿನ ಮಾಡಿನ ಪಾರಿವಾಳಗಳು ಹಾರಿದವು.

ಮಾಸ್ಟ್ರು ಕಣ್ಣು ತೆರೆದರು. “ಹೌದಾ? ಇನ್ನೂರು ವರ್ಷದ ಹಿಂದೆಯೇ ಅವರನ್ನು ಮಣ್ಣು ಮಾಡಿ ಬಂದವಳು ನೀನೇ ಅಲ್ವಾ, ಮಗಳೇ?”

ಅಂದಿನ ಪ್ರಾರ್ಥನೆ ಅಲ್ಲಿಗೇ ಮುಗಿಯಿತು.

ಮರುದಿನ ಸಲೋಮಿ ಜಯಶೀಲರ ಮನೆಗೆ ಹೋಗಿ ಕ್ಷಮೆ ಕೇಳಿದಳು. ಶನಿವಾರ ಅವರನ್ನು ತಾನೇ ಮಂಗಳೂರಿಗೆ ಕರೆದುಕೊಂಡು ಹೋದಳು. ನುಡಿಸುವ ಮೊದಲು ವೇದಿಕೆಯ ಅಂಚಿಗೆ ಬಂದು ನಿಂತಳು.

“ಇದು ಜರ್ಮನಿಯವನದ್ದು ಅಂತ ನಾನು ಸುಳ್ಳು ಹೇಳಿದ್ದೆ. ಇದನ್ನು ಬರೆದವರು ಜಯಶೀಲರು. ಅಗೋ, ಅಲ್ಲಿ ಕೂತಿದ್ದಾರೆ.”

ಭಾನುವಾರ ಸಂಜೆ ಅವಳು ಆಶ್ರಮಕ್ಕೆ ನಿಧಾನವಾಗಿ ನಡೆದು ಬಂದಳು. ಮಾಸ್ಟ್ರು ಅಂಗಳದ ಗಂಟೆಯ ಕೆಳಗೆ ನಿಂತಿದ್ದರು.

“ತುಂಬಾ ಜನ ಎದ್ದು ಹೋದರು, ಮಾಸ್ಟ್ರೇ. ಇನ್ನು ಅಲ್ಲಿಗೆ ನನ್ನನ್ನು ಕರೆಯುವುದಿಲ್ಲ ಅಂತ ಮುಖಕ್ಕೇ ಹೇಳಿದರು.”

“ಉಳಿದವರು?”

“ಉಳಿದವರು ಕೇಳಿದರು. ಒಬ್ಬರೂ ಕೆಮ್ಮಲಿಲ್ಲ.”

“ಜಯಶೀಲರು?”

“ಮುಗಿದ ಕೂಡಲೇ ವೇದಿಕೆಗೆ ಬಂದರು. ಎಲ್ಲರೆದುರೇ ಬೈದರು. ‘ಎಂತ ಮಾರಾಯ್ತಿ, ನನ್ನ ದೋಣಿಯನ್ನು ಬಸ್ಸಿನ ಹಾಗೆ ಓಡಿಸಿದೆಯಲ್ಲ’ ಅಂದರು.” ಹೇಳುತ್ತ ಹೇಳುತ್ತ ಅವಳಿಗೇ ನಗು ಬಂತು.

ಮಾಸ್ಟ್ರೂ ನಕ್ಕರು. ಗಂಟೆಯ ಹಗ್ಗವನ್ನು ಅವಳ ಕೈಗೆ ಕೊಟ್ಟರು.

“ಬಾರಿಸು, ಹೊತ್ತಾಯಿತು. ಇವತ್ತು ಅವರ ಹೆಸರನ್ನು ನಾವು ಕೂತಿರುವಾಗಲೇ ಹೇಳೋಣ.”